ಪೊರೆಗೆ ಕಟ್ಟುವ ಕೊಳೆ: ಕೊಳಚೆ ಘಟಕ ಕಲಿತದ್ದು, ಹಳ್ಳಿಯ ಘಟಕ ಕಲಿಯಬೇಕಾದದ್ದು

ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಆದರೆ 2020ರಲ್ಲಿ 5ಎ ಎಂಬ ನೀರಾವರಿ ಕಾಲುವೆ ಬೇಕೆಂದು ರೈತರು ಧರಣಿ ಕೂತ ಪಾಮನಕಲ್ಲೂರಿನ ಸುತ್ತಮುತ್ತ ಕೊಳವೆಬಾವಿಯೇ ದೊಡ್ಡ ಆಸರೆ. ಲಿಂಗಸುಗೂರು, ಮಸ್ಕಿ ಸೀಮೆಯ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಹಲವೆಡೆ ಗಡಸು. ಫ್ಲೋರೈಡ್ ಕೂಡ ಮಿತಿ ಮೀರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಅದಕ್ಕಾಗಿಯೇ ಊರೂರಿಗೆ ಆರ್‌ಒ (ರಿವರ್ಸ್ ಆಸ್ಮೋಸಿಸ್) ನೀರು ಶುದ್ಧೀಕರಣ ಘಟಕಗಳು ಬಂದವು, ಹಲವು ಕೆಟ್ಟೂ ನಿಂತವು. ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಕಟ್ಟಿಕೊಂಡಿತೆಂದರೆ ಹೊಸದು ಹಾಕಿಸುವ ಮಾತೇ ಮೊದಲು ಬರುತ್ತದೆ. ನನ್ನ ವಾದ ಬೇರೆ: ಪೊರೆಯ ಕೊಳೆಗೆ ಮದ್ದು ಪೊರೆಗಿಂತ ಹೆಚ್ಚಾಗಿ ಅದರ ಮುಂದಿನ ನೀರಿನಲ್ಲಿದೆ, ನೀರೆಳೆಯುವ ವೇಗದಲ್ಲಿದೆ. ಕೊಳಚೆ ನೀರು ಸೋಸುವ ತಂತ್ರಜ್ಞಾನ ಇದನ್ನು ಕಲಿಯಲು ಸುಮಾರು ಮೂರು ದಶಕ ತೆಗೆದುಕೊಂಡಿತು.

1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಉಪಯುಕ್ತ ವೇಗದಲ್ಲಿ ಉಪ್ಪು ಬೇರ್ಪಡಿಸುವ ಪೊರೆ ರೂಪಿಸಿದರು. 1960ರ ದಶಕ ಮುಗಿಯುವಷ್ಟರಲ್ಲಿ ಕೊಳಚೆ ನೀರಿಗೂ ಪೊರೆ ಬಂತು. ಆಗಿನ ಉಪಾಯವೆಂದರೆ ನೀರನ್ನು ಪೊರೆಯ ಮೇಲೆ ಜೋರಾಗಿ ಓಡಿಸಿ ಕೊಳೆ ಕೂರದಂತೆ ಮಾಡುವುದು. ಅದಕ್ಕೆ ವಿದ್ಯುತ್ ವಿಪರೀತ ಬೇಕಾಗಿ, ಆ ದಾರಿ ಬಹುಕಾಲ ದುಬಾರಿಯಾಗಿಯೇ ಉಳಿಯಿತು. 1989ರಲ್ಲಿ ಜಪಾನಿನ ಕಜುವೊ ಯಮಾಮೊಟೊ ಮತ್ತು ಸಂಗಡಿಗರು ಪೊರೆಯನ್ನೇ ಕೊಳಚೆ ತೊಟ್ಟಿಯಲ್ಲಿ ಮುಳುಗಿಸಿ ಮೆಲ್ಲನೆ ಹೀರಿಸಿದರು. ಕೆಳಗಿನಿಂದ ಬಿಡುವ ಗಾಳಿಗುಳ್ಳೆಗಳು ಪೊರೆಯನ್ನು ಉಜ್ಜುತ್ತಾ ಹೋಗುವ ಪದ್ಧತಿ ಇದರೊಂದಿಗೆ ಬೆಳೆಯಿತು. 1995ರಲ್ಲಿ ಸಂಶೋಧಕ ಫೀಲ್ಡ್ ಮತ್ತವರ ಸಹಲೇಖಕರು ತೋರಿಸಿದ ವಿಷಯ ನನಗೆ ಈ ಚರಿತ್ರೆಯ ಮುಖ್ಯ ತಿರುವಾಗಿ ಕಾಣುತ್ತದೆ: ಹೀರುವ ವೇಗಕ್ಕೆ ಒಂದು ಮಿತಿಯಿದೆ, ಅದರ ಕೆಳಗಿದ್ದರೆ ಕೊಳೆ ಬಹಳ ನಿಧಾನವಾಗಿ ಕಟ್ಟುತ್ತದೆ, ಮೀರಿದರೆ ಒತ್ತಡ ಏರುತ್ತಲೇ ಹೋಗುತ್ತದೆ. ಬ್ಯಾಕ್ಟೀರಿಯಾಗಳು ಸ್ರವಿಸುವ ಲೋಳೆಯೇ ಮುಖ್ಯ ಅಂಟು ಎಂಬ ತಿಳಿವಳಿಕೆಯೂ ಗಟ್ಟಿಯಾಯಿತು. 2009ರ ಹೊತ್ತಿಗೆ ದಕ್ಷಿಣ ಕೊರಿಯಾದ ಸಂಶೋಧಕರು ಅವುಗಳ ನಡುವಿನ ರಾಸಾಯನಿಕ ಸಂದೇಶವನ್ನೇ ತಡೆದು ಲೋಳೆ ಕಡಿಮೆ ಮಾಡಲು ಹೊರಟರು. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಇಂದು ಯಮಾಮೊಟೊ ಮಾದರಿಯ ಮುಳುಗುಪೊರೆಗಳು ಕೆಲಸ ಮಾಡುತ್ತಿವೆ.

ಹಳ್ಳಿಯ ಆರ್‌ಒ ಬೇರೆ ಜಾತಿಯದು ನಿಜ. ಅದರ ಪಾಲಿಅಮೈಡ್ ಪದರವನ್ನು ಕ್ಲೋರಿನ್ ಹಾಳುಮಾಡುತ್ತದೆ, ಮುಳುಗುಪೊರೆಯಂತೆ ಹಿಂದಿನಿಂದ ನೀರು ನೂಕಿ ತೊಳೆಯಲೂ ಬರುವುದಿಲ್ಲ. ಹಾಗಾಗಿ ತಡೆಯುವುದು ಇಲ್ಲಿ ಇನ್ನೂ ಮುಖ್ಯ. ನೂರು ಲೀಟರಿನಲ್ಲಿ ಐವತ್ತು ಸೋಸಿದರೆ ಉಳಿದ ನೀರಿನಲ್ಲಿ ಲವಣ ಸುಮಾರು ಎರಡು ಪಟ್ಟಾಗುತ್ತದೆ. ಎಪ್ಪತ್ತೈದು ಸೋಸಿದರೆ ನಾಲ್ಕು ಪಟ್ಟು. ಗಡಸು ನೀರಿನಲ್ಲಿ ಸುಣ್ಣ ಪೊರೆಯ ಮೇಲೆ ಹರಳುಗಟ್ಟುವುದು ಈ ಹಂತದಲ್ಲೇ. ಕರೆಂಟ್ ಹೋದಾಗ ಆ ಲವಣದ ನೀರು ಒಳಗೇ ನಿಂತರೆ ಪದರ ಬಲಿಯುತ್ತದೆ; ಘಟಕ ನಿಲ್ಲಿಸುವ ಮುನ್ನ, ಅಥವಾ ಕರೆಂಟ್ ಬಂದ ಕೂಡಲೇ, ಶುದ್ಧ ನೀರು ಹಾಯಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.

ಬರದ ನೆಲದಲ್ಲಿ ಐವತ್ತಕ್ಕೇ ನಿಂತು ಅರ್ಧ ನೀರು ಹೊರಹಾಕುವುದು ಅನ್ಯಾಯವೆಂಬ ಆಕ್ಷೇಪ ತೂಕದ್ದು. ಆದರೆ ನೀರು ಪರೀಕ್ಷಿಸದೆ ಹೆಚ್ಚು ಸೋಸಲು ಹೋಗಿ ಪೊರೆ ಕಟ್ಟಿಕೊಂಡರೆ ಸಿಗುವುದು ಆ ಅರ್ಧವೂ ಅಲ್ಲ. ಮೊದಲು ಗಡಸುತನ ಇಳಿಸಿ, ಇಲ್ಲವೇ ಸುಣ್ಣ ಕಟ್ಟದ ರಾಸಾಯನಿಕ ಅಳತೆಯಂತೆ ಬೆರೆಸಿ, ಆಮೇಲೆ ಪ್ರಮಾಣ ಏರಿಸಬಹುದು. ಹೊರಬಿಟ್ಟ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗಿರುತ್ತದೆ. ಅದನ್ನು ಕುಡಿಯಲೂ ದನಗಳಿಗೂ ಬಳಸದೆ ತೊಳೆಯುವ ಕೆಲಸಕ್ಕಷ್ಟೇ ಇಡಬೇಕು. ಕಾಲುವೆ ನೀರು ಬಂದರೆ ಈ ತಾಪತ್ರಯವೇ ಇರದು ಎನ್ನುವವರಿದ್ದಾರೆ. ಬರಲೇಬೇಕು; ಆದರೆ ಕಾಲುವೆ ನೀರು ಹೂಳು, ಪಾಚಿ ತರುತ್ತದೆ, ಬೇಸಿಗೆಯಲ್ಲಿ ನಿಲ್ಲುತ್ತದೆ. ಇಷ್ಟೆಲ್ಲ ಗಮನಿಸಲು ಹಳ್ಳಿಯಲ್ಲಿ ತಜ್ಞರೆಲ್ಲಿ ಎಂಬುದು ಕೊನೆಯ ಪ್ರಶ್ನೆ. ಇದಕ್ಕೆ ತಜ್ಞರು ಬೇಡ: ದಿನವೂ ಒತ್ತಡ, ಸೋಸಿದ ನೀರಿನ ಪ್ರಮಾಣ, ಲವಣಾಂಶ ಬರೆದಿಡಬಲ್ಲ ಒಬ್ಬ ಆಪರೇಟರ್ ಸಾಕು. ಹರಿವು ಹತ್ತನೇ ಒಂದು ಭಾಗ ಇಳಿದಾಗಲೇ ತೊಳೆಸಿದರೆ ಪೊರೆ ಉಳಿಯುತ್ತದೆ. ಪೂರ್ತಿ ಕಟ್ಟಿದ ಮೇಲೆ ಆಮ್ಲ ಹಾಕಿದರೂ ಪ್ರಯೋಜನ ಕಡಿಮೆ. ನಿರ್ವಹಣೆಯ ಗುತ್ತಿಗೆ ಬರೆಯುವಾಗ ಈ ದಿನವಹಿಯನ್ನು ಷರತ್ತಾಗಿ ಸೇರಿಸಿ, ಅದನ್ನು ನೋಡಿಯೇ ಬಿಲ್ ಪಾವತಿಸುವುದು ಪಂಚಾಯಿತಿಯ ಕೈಯಲ್ಲಿ ಆಗುವ ಕೆಲಸ.