ಪಟ್ಟಣದ ಪಿಸ್ತೂಲಿಗೆ ಬೆಲೆ ಕಟ್ಟುವವರು

2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ್ದ ಒಂದು ಜೊತೆ ಪಿಸ್ತೂಲು 11 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಹನ್ನೆರಡು ಕೋಟಿ ರೂಪಾಯಿಗೂ ಮೇಲೆ. ಅಷ್ಟು ಬಾಳುತ್ತದೆಯೇ?

ಆಯುಧವೆಂದು ನೋಡಿದರೆ ಖಂಡಿತ ಇಲ್ಲ. ಕುದುರೆಯ, ಅಂದರೆ ಪಿಸ್ತೂಲಿನ ಬಡಿಯುವ ಭಾಗದ, ಬಾಯಲ್ಲಿ ಸಿಕ್ಕಿಸಿದ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಬಟ್ಟಲಿನ ಮದ್ದಿಗೆ ಬೆಂಕಿ ಹತ್ತಬೇಕು, ಅದು ಸಣ್ಣ ತೂತಿನ ಮೂಲಕ ನಳಿಗೆಯೊಳಕ್ಕೆ ದಾಟಬೇಕು. ಇಷ್ಟೆಲ್ಲ ಆದಮೇಲೆ ಒಂದೇ ಗುಂಡು. ಹತ್ತಾರು ಹೆಜ್ಜೆ ಆಚೆಗೆ ಗುರಿ ನಂಬುವಂತಿಲ್ಲ. ಮಳೆ ಬಂದು ಮದ್ದು ನೆನೆದರೆ ಅದೂ ಇಲ್ಲ. ಟಿಪ್ಪುವಿನ ಸೈನ್ಯವೇನೂ ಪಿಸ್ತೂಲನ್ನು ನೆಚ್ಚಿಕೊಂಡಿರಲಿಲ್ಲ.

ನೆಚ್ಚಿಕೊಂಡದ್ದು ಬೇರೆಯದನ್ನು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿದರು: 929 ಫಿರಂಗಿ, ಸುಮಾರು 99,000 ಬಂದೂಕು. ಜೊತೆಗೆ ಸಣ್ಣ ಆಯುಧಗಳನ್ನು ಮಾಡಿ ನಯಗೊಳಿಸುವ 11 ಕಾರ್ಖಾನೆ, ಫಿರಂಗಿ ಎರಕದ ಎರಡು ಮನೆ, ನಳಿಗೆ ಕೊರೆಯುವ ಯಂತ್ರಗಳಿದ್ದ ಮೂರು ಕಟ್ಟಡ. ಒಂದು ದ್ವೀಪದ ಊರಿಗೆ ಇದು ಸಣ್ಣ ಉದ್ಯಮವಲ್ಲ. ಕೆಲಸ ಪಟ್ಟಣದಲ್ಲಷ್ಟೇ ನಡೆಯುತ್ತಿರಲಿಲ್ಲ. ಬೆಂಗಳೂರು, ಚಿತ್ರದುರ್ಗ, ನಗರ ಎಂಬ ಊರುಗಳಲ್ಲೂ ಆಯುಧ ತಯಾರಿಸುವ ಕೇರಿಗಳಿದ್ದವು. ಬೆಂಗಳೂರಿನ ಹಳೇಪೇಟೆ ಕಡೆ ಅಂಥದೊಂದು ಕೇರಿಯಾದ ತಾರಾಮಂಡಲ ಪೇಟೆಯ ಹೆಸರು ಈಗಲೂ ಉಳಿದಿದೆ. ಪಟ್ಟಣದ ಮದ್ದಿನ ಮನೆಯೊಂದು ಮೈಸೂರು ರೈಲಿನ ಜೋಡಿಹಳಿಗೆ ಅಡ್ಡ ಬಂದಾಗ, 2017ರಲ್ಲಿ ರೈಲ್ವೆಯವರು ಅದನ್ನು ಕೆಡವದೆ, ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಿದರು.

ಹುಲಿಪಟ್ಟೆಯ, ಬೆಳ್ಳಿ ಕಟ್ಟಿನ ಪಿಸ್ತೂಲುಗಳು ಆ 99,000ದ ಗುಂಪಿಗೆ ಸೇರಿದವಲ್ಲ. ಅವು ಸುಲ್ತಾನನ ಸ್ವಂತ ಆಯುಧಶಾಲೆಯವು. ಕೆಲವು ಕೋವಿಗಳಲ್ಲಿ ಕುದುರೆಯೇ ಹುಲಿಯ ತಲೆ. ಕೆಲವದರ ಮೇಲೆ ಹುಲಿ ಯುರೋಪಿನ ಸಿಪಾಯಿಯನ್ನು ಕೆಡವಿದೆ. ನಳಿಗೆಯ ಮೇಲೆ ಟಿಪ್ಪುವಿನ ತಂದೆ ಹೈದರನ ಹೆಸರಿನ ಮುದ್ರೆ. ಜೊತೆ ಪಿಸ್ತೂಲುಗಳಲ್ಲಿ ಒಂದರ ಕುದುರೆ ಬಲಕ್ಕೆ, ಇನ್ನೊಂದರದು ಎಡಕ್ಕೆ, ಕನ್ನಡಿಯ ಬಿಂಬದಂತೆ. ಎಡದ ಯಂತ್ರಕ್ಕೆ ಬಲದ್ದರ ಅಚ್ಚು ಬರುವುದಿಲ್ಲ, ಬಿಡಿಭಾಗವೆಲ್ಲ ತಿರುವುಮುರುವು ಮಾಡಬೇಕು. ಯುದ್ಧಕ್ಕೆ ಇದರಿಂದ ಸಿಗುವ ಲಾಭ ಅಷ್ಟರಲ್ಲೇ ಇದೆ. ದರ್ಬಾರಿನಲ್ಲಿ ಎರಡು ಪಿಸ್ತೂಲನ್ನು ಅಕ್ಕಪಕ್ಕ ಇಟ್ಟಾಗ ಎದುರಿಗಿದ್ದವನಿಗೆ ಆಗುವ ಪರಿಣಾಮವೇ ಲಾಭ.

ಕೊಳ್ಳುವವನು ಮೊದಲು ಹುಡುಕುವುದು ಇಸವಿಯನ್ನು. ಟಿಪ್ಪು ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆಯನ್ನು ತಂದಿದ್ದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಕ್ರಮ ಗೊತ್ತಿಲ್ಲದವನು 1224ನ್ನು 4221 ಎಂದು ಓದಿ ಬೆಪ್ಪಾಗುತ್ತಾನೆ. ಇಸವಿಯ ಜೊತೆಗೆ ‘ಪಟ್ಟಣ’ ಎಂಬ ಊರಿನ ಹೆಸರು, ಕೆಲವದರಲ್ಲಿ ಸೈಯದ್ ಮಾಸೂಮ್‌ನಂಥ ಕುಶಲಕರ್ಮಿಯ ಹೆಸರೂ ಇರುತ್ತದೆ. ಈ ಗುರುತುಗಳನ್ನೆಲ್ಲ ಒಟ್ಟುಮಾಡಿ ರಾಬಿನ್ ವಿಗಿಂಗ್ಟನ್ 1992ರಲ್ಲಿ ಟಿಪ್ಪುವಿನ ಕೋವಿಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಮುಂದೆ 2015ರ ಏಪ್ರಿಲ್‌ನಲ್ಲಿ ಬಾನ್‌ಹ್ಯಾಮ್ಸ್‌ನಲ್ಲಿ ಅವನು ಕೂಡಿಸಿದ್ದ ವಸ್ತುಗಳು ಹರಾಜಿಗೆ ಬಂದಾಗ ಒಂದು ಬೇಟೆ ಕೋವಿಗೆ 7,22,500 ಪೌಂಡ್ ಸಿಕ್ಕಿತು.

ಹಾಗಾದರೆ ಕೆಲಸವೂ ಅಷ್ಟು ಉತ್ತಮವೇ? ಇಲ್ಲಿ ಅಭಿಮಾನವನ್ನು ತುಸು ಬದಿಗಿಡಬೇಕು. ಟಿಪ್ಪುವಿನ ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈಲ್ಸ್‌ನಲ್ಲಿ ಹದಿನಾರನೇ ಲೂಯಿಯನ್ನು ಕಂಡಾಗ ಸೈನ್ಯದ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಚಕಮಕಿ ಯಂತ್ರದ ವಿನ್ಯಾಸ ಯುರೋಪಿನದು. ಆದರೆ ಅದನ್ನು ಇಲ್ಲಿನವರು ಕಲಿತರು, ಎಡಕ್ಕೂ ತಿರುಗಿಸಿದರು, ಮೇಲೆ ಹುಲಿಯನ್ನು ಕೂರಿಸಿದರು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ಪಟ್ಟಣದ ಹತ್ತಿರದಲ್ಲೇ ಇತ್ತು. ಬೆಳ್ಳಿಯ ಕುಸುರಿಗೆ ಮಾತ್ರ ಯಾರಿಂದಲೂ ಪಾಠ ಬೇಕಿರಲಿಲ್ಲ.

ಕೆಲಸಕ್ಕೆ ಇಷ್ಟು, ಹೆಸರಿಗೆ ಇಷ್ಟು ಎಂದು ಬೆಲೆಯನ್ನು ಬಿಡಿಸಿದರೆ ಹೆಸರಿನ ಪಾಲೇ ದೊಡ್ಡದು. 2023ರಲ್ಲಿ ಸುಲ್ತಾನನ ಶಯನಗೃಹದ ಕತ್ತಿಗೆ 1.4 ಕೋಟಿ ಪೌಂಡ್ ಬಂತು. ಅದರ ಮುಂದೆ ಪಿಸ್ತೂಲುಗಳು ಅಗ್ಗವೇ.

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಹರಾಜಾದ ಕೋವಿಯ ಕತೆ ಬೇರೆ. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಒಯ್ದದ್ದು, ಅವನ ವಂಶದವರ ಅಟ್ಟದಲ್ಲಿ ಬಿದ್ದಿತ್ತು. ಬೆಳ್ಳಿ ಕಟ್ಟಿನದೇ, ಬಾಯಿನೆಟ್ ಸಮೇತ. ಆದರೆ ಕದನದಲ್ಲಿ ಏಟು ತಿಂದಿತ್ತು, ಯಾರೂ ರಿಪೇರಿ ಮಾಡಿರಲಿಲ್ಲ. 14 ಕೂಗುಗಳಾದ ಮೇಲೆ 60,000 ಪೌಂಡಿಗೆ ಹೋಯಿತು, ಅಂದರೆ ಅರ್ಧ ಕೋಟಿ ರೂಪಾಯಿ ದಾಟಿ. ಬಂದೂಕಿನ ಅಂಗಡಿಯಲ್ಲಾದರೆ ಬೆಲೆ ಇಳಿಸುತ್ತಿದ್ದ ಆ ಏಟನ್ನೇ ಹರಾಜಿನವರು ಅದರ ಹೆಚ್ಚುಗಾರಿಕೆಯೆಂದು ಹೇಳಿಕೊಂಡರು. ಈ ಸಾಲಿನಲ್ಲಿ ಕೊಟ್ಟ ಕಾಸಿಗೆ ತಕ್ಕ ಮಾಲು ಯಾವುದೆಂದು ಕೇಳಿದರೆ ಅದನ್ನೇ ತೋರಿಸಬೇಕು.