ಎಂಟನೆಯ ಜೋಡಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಮುಂಗಾರಿನ ಆರಂಭದಲ್ಲಿ ನೆಟ್ಟ ಹೊಗೆಸೊಪ್ಪು ಬ್ಯಾರನ್‌ನಲ್ಲಿ ಬೆಂದು, ಬೇಲ್ ಆಗಿ ಹರಾಜಿಗೆ ಬರುವಾಗ ದಸರೆ ದೀಪಾವಳಿಯ ಹೊತ್ತಾಗಿರುತ್ತದೆ. ಎಚ್.ಡಿ. ಕೋಟೆಯ ಹತ್ತಿಗೂ ವರ್ಷದ ಲೆಕ್ಕ ತೀರುವುದು ಸುಮಾರಾಗಿ ಆಗಲೇ. ತನ್ನ ಬೆಳೆ ಚೆನ್ನಾಗಿದ್ದರಷ್ಟೇ ಸಾಲದು, ಬೇರೆಡೆಯ ಬೆಳೆ ಹೇಗಿದೆ ಎಂಬುದರ ಮೇಲೂ ಬೆಲೆ ನಿಲ್ಲುತ್ತದೆ ಎಂಬುದು ಇಲ್ಲಿನ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಇದೇ ಹುಣಸೂರು, ಪಿರಿಯಾಪಟ್ಟಣವನ್ನು ದಾಟಿ ಮೈಸೂರಿನ ರಸ್ತೆ ಕೊಡಗಿಗೆ ಏರುತ್ತದೆ. ಅಲ್ಲಿನ ಕಾಫಿ ತೋಟದಲ್ಲಿ ಬೆಳೆದ ರೋಹನ್ ಬೋಪಣ್ಣ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥದೇ ಲೆಕ್ಕಕ್ಕೆ ತಲೆಕೊಟ್ಟು ಬದುಕಿದರು. ಅವರ ಬೆಳೆ ಟೆನಿಸ್ ಡಬಲ್ಸ್‌ನ ಅಂಕಗಳು.

ಪುರುಷರ ಟೆನಿಸ್‌ನ ವರ್ಷಾಂತ್ಯದ ಪಂದ್ಯಾವಳಿ 1970ರಲ್ಲಿ ಟೋಕಿಯೊದಲ್ಲಿ ‘ಮಾಸ್ಟರ್ಸ್’ ಎಂಬ ಹೆಸರಿನಲ್ಲಿ ಶುರುವಾಯಿತು. ಈಗ ಅದು ಎಟಿಪಿ ಫೈನಲ್ಸ್. 2009ರಿಂದ 2020ರವರೆಗೆ ಲಂಡನ್ನಿನಲ್ಲಿ ನಡೆದು, 2021ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಯಿತು. ಅಲ್ಲಿಗೆ ಪ್ರವೇಶ ಎಂಟೇ ಜೋಡಿಗಳಿಗೆ. ಜನವರಿಯಲ್ಲಿ ಎಲ್ಲರ ಖಾತೆಯೂ ಸೊನ್ನೆಯಿಂದ ಶುರು. ಗ್ರ್ಯಾಂಡ್‌ಸ್ಲಾಂ ಗೆದ್ದರೆ 2000 ಅಂಕ, ಮಾಸ್ಟರ್ಸ್ ಗೆದ್ದರೆ 1000. ಅಂಕ ಸೇರುವುದು ಜೋಡಿಯ ಹೆಸರಿಗೆ. ಜೊತೆಗಾರ ಬದಲಾದರೆ ಮತ್ತೆ ಮೊದಲಿಂದ ಕೂಡಿಸಬೇಕು. ಕೊನೆಯ ದೊಡ್ಡ ಫಸಲು ಪ್ಯಾರಿಸ್ ಮಾಸ್ಟರ್ಸ್. ಏಳು, ಎಂಟು, ಒಂಬತ್ತನೆಯ ಜೋಡಿಗಳು ಆ ವಾರ ತಮ್ಮ ಆಟ ಮುಗಿಸಿ, ಪಕ್ಕದ ಅಂಕಣದಲ್ಲಿ ಇನ್ನೊಬ್ಬರು ಸೋಲುವುದನ್ನು ಕಾಯುತ್ತಾರೆ.

ಬೋಪಣ್ಣ ಅಲ್ಲಿಗೆ ಮುಟ್ಟಿದ್ದು ತಡವಾಗಿ. ಹುಟ್ಟಿದ್ದು 1980ರಲ್ಲಿ, ರಾಕೆಟ್ ಹಿಡಿದದ್ದು ಹನ್ನೊಂದರ ವಯಸ್ಸಿನಲ್ಲಿ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದನ್ನೂ ದಮ್ಮಿಗಾಗಿ ತೋಟಗಳ ನಡುವೆ ಓಡಿದ್ದನ್ನೂ ನಿವೃತ್ತಿಯ ಮಾತಿನಲ್ಲಿ ಅವರೇ ನೆನೆದಿದ್ದಾರೆ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ 2010ರ ಯುಎಸ್ ಓಪನ್ ಫೈನಲ್ ಆಡಿದರು. 2011ರ ನವೆಂಬರಿನಲ್ಲಿ ಅದೇ ಜೋಡಿ ಪ್ಯಾರಿಸ್ ಗೆದ್ದು ಲಂಡನ್ನಿನಲ್ಲಿ ಆಡಿತು. ಆಗ ಬೋಪಣ್ಣನವರಿಗೆ 31.

ಮರುವರ್ಷ ಜೊತೆಗಾರ ಮಹೇಶ್ ಭೂಪತಿ. ಮತ್ತೆ ಪ್ಯಾರಿಸ್ ಗೆಲುವು, ಮತ್ತೆ ಲಂಡನ್. ಸೆಮಿಫೈನಲ್‌ನಲ್ಲಿ ಎದುರಾದವರು ಜೊನಾಥನ್ ಮರ್ರೆ ಮತ್ತು ಫ್ರೆಡರಿಕ್ ನೀಲ್ಸನ್. ಇವರು ವೈಲ್ಡ್ ಕಾರ್ಡ್ ಪಡೆದು ವಿಂಬಲ್ಡನ್‌ಗೆ ಬಂದು, ಅದನ್ನು ಗೆದ್ದೇಬಿಟ್ಟಿದ್ದರು. ಗ್ರ್ಯಾಂಡ್‌ಸ್ಲಾಂ ಗೆದ್ದ ಜೋಡಿ ಮೊದಲ ಎಂಟರ ಹೊರಗಿದ್ದರೂ ಇಪ್ಪತ್ತರೊಳಗಿದ್ದರೆ ಕೊನೆಯ ಸ್ಥಾನ ಅದಕ್ಕೆ ಎಂಬ ನಿಯಮ ಅವರ ಕೈಹಿಡಿದಿತ್ತು. ಪಂದ್ಯ ನಿರ್ಣಾಯಕ ಟೈಬ್ರೇಕಿಗೆ ಹೋಗಿ 12-10ಕ್ಕೆ ಭಾರತದ ಜೋಡಿಯದಾಯಿತು. ಫೈನಲ್‌ನಲ್ಲಿ ಸ್ಪೇನಿನ ಗ್ರಾನೊಲ್ಲರ್ಸ್–ಲೋಪೆಜ್ ಗೆದ್ದರು.

2015ರಲ್ಲಿ ರುಮೇನಿಯಾದ ಫ್ಲೋರಿನ್ ಮೆರ್ಜಿಯಾ ಜೊತೆ ಬಂದಾಗ ಬೋಪಣ್ಣ ಎಂಟನೆಯ ಶ್ರೇಯಾಂಕದವರು, ಅಂದರೆ ಪಟ್ಟಿಯ ಕಟ್ಟಕಡೆಯ ಜೋಡಿ. ಅಗ್ರ ಶ್ರೇಯಾಂಕದ ಬ್ರಯಾನ್ ಸಹೋದರರನ್ನು ಅವರು 6-4, 6-3ರಿಂದ ಸೋಲಿಸಿದರು. ಫೈನಲ್‌ವರೆಗೆ ಹೋಗಿ ರೋಯರ್–ಟೆಕಾವ್ ಎದುರು ನಿಂತರು. ಬಾಗಿಲಲ್ಲಿ ಎಂಟನೆಯವರಾದರೂ ಒಳಗೆ ಹೋದ ಮೇಲೆ ಎಲ್ಲರಿಗೂ ಒಂದೇ ಅಂಕಣ.

ಆಮೇಲೆ ಎಂಟು ವರ್ಷ ಆ ಬಾಗಿಲು ತೆರೆಯಲಿಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅವರನ್ನು ಮತ್ತೆ ಓಡುವಂತೆ ಮಾಡಿದ್ದು ಅಯ್ಯಂಗಾರ್ ಯೋಗ. ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಯೋಗ ಕಲಿತದ್ದು ಮೈಸೂರಿನಲ್ಲಿ, ಟಿ. ಕೃಷ್ಣಮಾಚಾರ್ಯರ ಬಳಿ. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಇಂಡಿಯನ್ ವೆಲ್ಸ್ ಗೆದ್ದು, ಟ್ಯೂರಿನ್‌ನಲ್ಲಿ ಸೆಮಿಫೈನಲ್ ಆಡಿದಾಗ ಬೋಪಣ್ಣನವರಿಗೆ 43.

2024ರ ಕಥೆಯೇ ಬೇರೆ. ಜನವರಿ 27ರಂದು ಈ ಜೋಡಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು. ಬೋಪಣ್ಣ ಡಬಲ್ಸ್‌ನಲ್ಲಿ ಜಗತ್ತಿನ ಒಂದನೆಯ ಸ್ಥಾನಕ್ಕೇರಿದರು. ಮಾರ್ಚ್‌ನಲ್ಲಿ ಮಯಾಮಿಯನ್ನೂ ಗೆದ್ದರು. ಆಮೇಲೆ ಪ್ರಶಸ್ತಿ ಬರಲಿಲ್ಲ. ವರ್ಷಾರಂಭದಲ್ಲಿ ಅಗ್ರಸ್ಥಾನದಲ್ಲಿದ್ದವರು ಅಕ್ಟೋಬರ್ ಕೊನೆಯಲ್ಲಿ ಇನ್ನೂ ಕಾಯುತ್ತಿದ್ದರು. ಪ್ಯಾರಿಸ್‌ನಲ್ಲಿ ಅಮೆರಿಕದ ಲ್ಯಾಮನ್ಸ್–ವಿತ್ರೋ ಸೋತಾಗ ಅವರ ಟ್ಯೂರಿನ್ ಸ್ಥಾನ ಖಚಿತವಾಯಿತು. ಅಲ್ಲಿ ಗುಂಪಿನ ಹಂತದಲ್ಲೇ ಆಟ ಮುಗಿಯಿತು.

ಇತಿಹಾಸದ ಪಟ್ಟಿಗಳಲ್ಲಿ ಉಳಿಯುವುದು ಗೆದ್ದವರ ಹೆಸರು. ಹರಾಜಿನ ಕೊನೆಯ ವಾರದವರೆಗೂ ಬೇಲ್ ಕಾಯ್ದುಕೊಂಡು ಕೂತವರ ಹೆಸರು ಅಲ್ಲಿ ಸಿಗದು. ಬೋಪಣ್ಣ ವರ್ಷಾಂತ್ಯದ ಕಿರೀಟ ತೊಡಲಿಲ್ಲ. ಆದರೆ ನಾಲ್ಕು ಬೇರೆ ಜೊತೆಗಾರರೊಡನೆ, 31ರಿಂದ 44ರ ವಯಸ್ಸಿನ ನಡುವೆ, ಸೊನ್ನೆಯಿಂದ ಕೂಡಿಸುತ್ತ ಐದು ಸಲ ಆ ಎಂಟರೊಳಗೆ ಬಂದರು. 2025ರ ನವೆಂಬರ್ 1ರಂದು ನಿವೃತ್ತಿ ಪ್ರಕಟಿಸಿದರು. ಅವರ ಕೊನೆಯ ಪಂದ್ಯಾವಳಿಯೂ ಪ್ಯಾರಿಸ್ ಮಾಸ್ಟರ್ಸ್‌ ಆಗಿತ್ತು. ಆ ವರ್ಷ ಮಾತ್ರ ಅವರು ಯಾರ ಸೋಲನ್ನೂ ಕಾಯಬೇಕಾಗಿರಲಿಲ್ಲ.