ಫೈರ್‌ಬಾಲ್ ಗುಂಡಗೋ, ಚೌಕವೋ? ಮನೆ ಎಣಿಸುವ ಮೊದಲು ಇದನ್ನು ಓದಿ

ಹೇಳಿಕೆ: “ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಒಂದು ಮನೆ ಎಂದರೆ 5 ಅಡಿ. ಫೈರ್‌ಬಾಲ್ ಮಂತ್ರದ ತ್ರಿಜ್ಯ 20 ಅಡಿ. ಆದ್ದರಿಂದ ಯಾವ ದಿಕ್ಕಿಗೇ ಆಗಲಿ 4 ಮನೆ ಎಣಿಸಿದರೆ ಸಾಕು.”

ಉತ್ತರ: ಅರ್ಧ ಸತ್ಯ. ನೇರ ಸಾಲಿನಲ್ಲಿ ಈ ಲೆಕ್ಕ ಸರಿ. ಓರೆಯಾಗಿ ಎಣಿಸಿದರೆ ಬಹುತೇಕ ಆವೃತ್ತಿಗಳಲ್ಲಿ ತಪ್ಪು.

ಏನಿದು ಆಟ?

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಟ ಇದು. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವುದು ಇದನ್ನೇ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಕಥೆ ನಡೆಸುವವರು ಡಂಜನ್ ಮಾಸ್ಟರ್. ಕಾಳಗ ಬಂದಾಗ ಅನೇಕರು ಚದುರಂಗದ ಹಾಸಿನಂತೆ ಮನೆಗಳಿರುವ ನಕ್ಷೆ ಹಾಸಿ, ಅದರ ಮೇಲೆ ಕಾಯಿಗಳನ್ನು ಇಡುತ್ತಾರೆ.

2014ರ ನಿಯಮ ಪುಸ್ತಕದಲ್ಲಿ ಫೈರ್‌ಬಾಲ್ ಹೊಡೆತಕ್ಕೆ ಆರು ಮುಖದ 8 ದಾಳ ಹಾಕಬೇಕು. ಅಂದರೆ ಸರಾಸರಿ 28 ಅಂಕಗಳ ಪೆಟ್ಟು. ಬೆಂಕಿಗೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ಒಂದು ಮನೆ ಲೆಕ್ಕ ತಪ್ಪಿದರೆ ಗೆಳತಿಯ ಪಾತ್ರ ನೆಲಕ್ಕುರುಳಬಹುದು. ಜಗಳ ಶುರುವಾಗುವುದು ಅಲ್ಲೇ.

ತಪ್ಪು ಎಲ್ಲಿ?

ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ನೆನಪಿಸಿಕೊಳ್ಳಿ. 5 ಅಡಿ ಚೌಕದ ಮೂಲೆಯಿಂದ ಎದುರು ಮೂಲೆಗೆ 5 ಅಡಿ ಅಲ್ಲ, ಸುಮಾರು 7.07 ಅಡಿ. ಓರೆಯಾಗಿ 4 ಮನೆ ದಾಟಿದರೆ 28 ಅಡಿಗೂ ಹೆಚ್ಚು!

ಪಾತ್ರ ನಡೆಯುವಾಗ ಓರೆ ಹೆಜ್ಜೆಯನ್ನೂ 5 ಅಡಿ ಎಂದೇ ಎಣಿಸಲು 2014ರ ಪುಸ್ತಕ ಅವಕಾಶ ಕೊಡುತ್ತದೆ. ಚದುರಂಗದ ರಾಜ ನೇರವಾಗಿ ಹೋದರೂ ಓರೆಯಾಗಿ ಹೋದರೂ ಒಂದೇ ನಡೆ ಅಲ್ಲವೇ, ಹಾಗೆ. ಇದು ಆಟ ಬೇಗ ಸಾಗಲಿ ಎಂದು ಮಾಡಿದ ಅನುಕೂಲ. ಇದೇ ಎಣಿಕೆಯನ್ನು ಬೆಂಕಿಗೂ ಹಾಕಿದಾಗ ವೃತ್ತ ಚೌಕವಾಗಿಬಿಡುತ್ತದೆ.

ಒಂದೇ ಮಂತ್ರ, ಬೇರೆ ಬೇರೆ ಲೆಕ್ಕ

• ಎಲ್ಲ ದಿಕ್ಕಿಗೂ 4 ಮನೆ: 8×8, ಒಟ್ಟು 64 ಮನೆ. ಇದರ ನಾಲ್ಕು ಮೂಲೆಮನೆಗಳ ಅತಿ ಹತ್ತಿರದ ತುದಿಯೇ ಕೇಂದ್ರದಿಂದ 21 ಅಡಿ ದೂರ. ಅಲ್ಲಿ ನಿಂತವರಿಗೆ ನಿಜಕ್ಕೂ ಬೆಂಕಿ ತಾಗಬಾರದು.

• ಅರ್ಧ ಮನೆ ನಿಯಮ (2014): ವೃತ್ತ ಒಂದು ಮನೆಯ ಅರ್ಧ ಅಥವಾ ಹೆಚ್ಚು ಭಾಗ ಆವರಿಸಿದರೆ ಆ ಮನೆ ಲೆಕ್ಕಕ್ಕೆ. ಒಟ್ಟು 52 ಮನೆ. ನಿಜವಾದ ವೃತ್ತದ ವಿಸ್ತೀರ್ಣ ಸುಮಾರು 50 ಮನೆಗಳಷ್ಟು. ಹಾಗಾಗಿ ವಾಸ್ತವಕ್ಕೆ ತೀರಾ ಹತ್ತಿರ ಇದೇ.

• 5-10 ಎಣಿಕೆ (2003ರ 3.5 ಆವೃತ್ತಿ): ಮೊದಲ ಓರೆ ಮನೆ 5 ಅಡಿ, ಎರಡನೆಯದು 10, ಮತ್ತೆ 5, ಮತ್ತೆ 10. ಒಟ್ಟು 44 ಮನೆ.

2008ರ ನಾಲ್ಕನೇ ಆವೃತ್ತಿಯದು ಬೇರೆ ದಾರಿ. ಅಲ್ಲಿ ಓರೆಯೂ ಒಂದೇ ಮನೆ. ಫೈರ್‌ಬಾಲ್ ಉದ್ದೇಶಪೂರ್ವಕವಾಗಿಯೇ 7×7 ಚೌಕ, 49 ಮನೆ. ಆ ಪುಸ್ತಕ ಹಿಡಿದು ಆಡುವವರಿಗೆ “ಬೆಂಕಿ ಚೌಕ” ಎಂಬ ಮಾತು ಸರಿಯೇ.

ಇನ್ನೊಂದು ಸಾಮಾನ್ಯ ತಪ್ಪು

2014ರ ನಿಯಮದಲ್ಲಿ ಸ್ಫೋಟದ ಕೇಂದ್ರ ಮನೆಯ ನಡುವೆ ಇರುವುದಿಲ್ಲ. ನಾಲ್ಕು ಮನೆಗಳು ಸೇರುವ ಗೆರೆಗಳ ಸಂಧಿಯಲ್ಲಿ ಇರುತ್ತದೆ. ಶತ್ರು ನಿಂತ ಮನೆಯನ್ನೇ ಕೇಂದ್ರ ಮಾಡಿ ಸುತ್ತ ನಾಲ್ಕು ಮನೆ ಎಣಿಸಿದರೆ 9×9, ಅಂದರೆ 81 ಮನೆ ಸುಟ್ಟಂತೆ! ನಿಜವಾದ ವೃತ್ತಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು.

ನೀವೇ ಪರೀಕ್ಷಿಸಿ

ಗ್ರಾಫ್ ಹಾಳೆಯಲ್ಲಿ ಗೆರೆಗಳು ಸೇರುವ ಒಂದು ಬಿಂದುವಿಗೆ ಕೈವಾರ ಇಟ್ಟು 4 ಮನೆ ತ್ರಿಜ್ಯದ ವೃತ್ತ ಎಳೆಯಿರಿ. ಅರ್ಧಕ್ಕಿಂತ ಹೆಚ್ಚು ಒಳಗಿರುವ ಮನೆಗಳನ್ನು ಎಣಿಸಿ, 52 ಬರುತ್ತದೆ. ಇದೇ ಅಳತೆಯ ವೃತ್ತವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿಟ್ಟುಕೊಂಡರೆ ಪ್ರತಿ ಸಲ ಎಣಿಸುವ ಗೋಜಿಲ್ಲ.

ನೆನಪಿಡಿ: ಯಾವ ಆವೃತ್ತಿ, ಯಾವ ಎಣಿಕೆ ಎಂಬುದನ್ನು ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ. ದಾಳ ಉರುಳಿದ ಮೇಲೆ ನಿಯಮ ಹುಡುಕಿದರೆ ಪ್ರತಿಯೊಬ್ಬರಿಗೂ ತಮಗೆ ಬೇಕಾದ ವೃತ್ತವೇ ಕಾಣುತ್ತದೆ.